ಗ್ರಿಲ್ ಕಾಣದ ಹಕ್ಕಿ ಚಿತ್ರಗಳು

ಕಡಲೆಕಾಯಿ ಪರಿಷೆ ಮುಗಿದು ಬುಲ್ ಟೆಂಪಲ್ ರಸ್ತೆಯ ಸಿಪ್ಪೆ ಗುಡಿಸಿ ಆಗುವಷ್ಟರಲ್ಲಿ ಬಸವನಗುಡಿ, ಮಲ್ಲೇಶ್ವರದ ವಾಟ್ಸ್ಯಾಪ್ ಗುಂಪುಗಳಲ್ಲಿ ಹಕ್ಕಿಗಳ ಸುಗ್ಗಿ ಶುರುವಾಗುತ್ತದೆ. ಕೆಮ್ಮೀಸೆ ಪಿಕಳಾರ, ಕುಟ್ರುಹಕ್ಕಿ, ಹೆಣ್ಣು ಕೋಗಿಲೆ, ಗಿಳಿ, ಅದೃಷ್ಟವಿದ್ದರೆ ಒಂದು ಬೆಳ್ಗಣ್ಣ. ಎಲ್ಲವೂ ಪಾಚಿ ಹಿಡಿದ ಕೊಂಬೆಯ ಮೇಲೆ ಕೂತಿವೆ. ಹಿಂದೆ ಬೆಣ್ಣೆ ಸವರಿದಂಥ ನುಣ್ಣನೆಯ ಹಸಿರು. ನೋಡಿದವರು ಸಕಲೇಶಪುರವೋ ಆಗುಂಬೆಯೋ ಎಂದುಕೊಳ್ಳಬೇಕು. ತೆಗೆದದ್ದು ಮಾತ್ರ ಗಾಂಧಿ ಬಜಾರಿನ ಹಿಂದಿನ ಅಡ್ಡರಸ್ತೆಯ ಮೊದಲ ಮಹಡಿಯಲ್ಲಿ, ಯುಟಿಲಿಟಿಯ ವಾಷಿಂಗ್ ಮಷೀನಿಗೆ ಒರಗಿ ನಿಂತು.

ಕೈಚಳಕ ದೊಡ್ಡದೇ. ಚಳಿಗಾಲದ ಬೆಳಕೂ ಈ ಛಾಯಾಗ್ರಾಹಕರ ಕಡೆಗಿದೆ. ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿನ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಡಿಸೆಂಬರಿನಲ್ಲಿ ಸುಮಾರು 55 ಡಿಗ್ರಿಗಿಂತ ಮೇಲೆ ಏರುವುದಿಲ್ಲ. ಬಿಸಿಲು ಓರೆಯಾಗಿ ಬಿದ್ದು ಪುಕ್ಕದ ಎಳೆಎಳೆಯನ್ನೂ ಬಿಡಿಸಿ ತೋರಿಸುತ್ತದೆ. ಊರಿಂದ ಬರುವಾಗ ಕಾರಿನ ಡಿಕ್ಕಿಯಲ್ಲಿ ತಂದ ಕೊಂಬೆಯನ್ನು ಗ್ರಿಲ್ಲಿಗೆ ಕೇಬಲ್ ಟೈ ಹಾಕಿ ಬಿಗಿಯುತ್ತಾರೆ. ಕೊಂಬೆಯ ಹಿಂಬದಿಯಲ್ಲಿ ಒಂದು ಪೊಟರೆ ಕೊರೆದು, ಕ್ಯಾಮೆರಾಕ್ಕೆ ಕಾಣದ ಹಾಗೆ ಪಪ್ಪಾಯಿ ಹೋಳನ್ನು ಒತ್ತಿ ಇಡುತ್ತಾರೆ. ಹಿಂದಿನ ಹಸಿರು ಎಷ್ಟೋ ಸಲ ಮರದ್ದೇ ಅಲ್ಲ, ಎದುರು ಸೈಟಿನಲ್ಲಿ ಹಳೇ ಮನೆ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸುವವರು ಕಟ್ಟಿದ ಹಸಿರು ಬಲೆ! ಲೆನ್ಸಿನ ಅಪರ್ಚರ್ ಪೂರ್ತಿ ತೆರೆದರೆ ಆ ಬಲೆಯೂ ಪಶ್ಚಿಮಘಟ್ಟವಾಗುತ್ತದೆ. ಹಕ್ಕಿಗಳ ಬಾಳಿಗೇ ಕಲ್ಲು ಹಾಕುತ್ತಿರುವ ಕಟ್ಟಡ ಹೀಗೆ ಅವುಗಳ ಕಾಡಿನ ವೇಷ ಹಾಕಿಕೊಂಡು ಚಿತ್ರದಲ್ಲಿ ನಿಲ್ಲುತ್ತದೆ. ನನ್ನ ತಕರಾರು ಇರುವುದು ಇಲ್ಲೇ. ಹಕ್ಕಿಗೆ ಹಣ್ಣಿಟ್ಟು ಚಿತ್ರ ತೆಗೆಯುವುದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಈ ಚಿತ್ರಗಳು ತಮಗಿರುವ ಒಂದೇ ಒಂದು ನಿಜವಾದ ವಸ್ತುವನ್ನು ಫ್ರೇಮಿನಿಂದ ಆಚೆ ತಳ್ಳಿಬಿಡುತ್ತವೆ. ಆ ವಸ್ತು ಈ ಬಡಾವಣೆ, ಈ ಮನೆ, ಅದರೊಳಗೆ ಜಾಗ ಮಾಡಿಕೊಂಡು ಬದುಕುತ್ತಿರುವ ಹಕ್ಕಿ.

ಈ ಅಭ್ಯಾಸ ಬಂದದ್ದು ಸ್ಪರ್ಧೆಗಳಿಂದ. ಬೆಂಗಳೂರಿನಲ್ಲಿ ಛಾಯಾಗ್ರಹಣ ಕ್ಲಬ್ಬುಗಳ ಪರಂಪರೆ ಗಟ್ಟಿಯಾಗಿದೆ. ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಿಂದ ಇದೆ. ಟಿ.ಎನ್.ಎ. ಪೆರುಮಾಳ್ ಅವರಂಥವರು ಒಂದೆರಡು ತಲೆಮಾರಿಗೆ ಕಣ್ಣು ಕೊಟ್ಟ ಊರು ಇದು. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಮೊದಲಾದವರು ಕಾಡಿಗೆ ಹೋಗಿ, ಮರೆಯಲ್ಲಿ ಗಂಟೆಗಟ್ಟಲೆ ಕೂತು ಚಿತ್ರ ತೆಗೆದರು. ಅವರ ಚಿತ್ರದಲ್ಲಿ ಮನುಷ್ಯನ ಗುರುತು ಇಲ್ಲದಿದ್ದರೆ ಅದಕ್ಕೆ ಕಾರಣ ಅಲ್ಲಿ ಮನುಷ್ಯ ಇರಲಿಲ್ಲ ಎಂಬುದು. ಇಂದಿನ ಕಿಟಕಿ ಛಾಯಾಗ್ರಾಹಕರು ಆ ನೋಟವನ್ನಷ್ಟೇ ಎರವಲು ತಂದರು, ಕಾಡನ್ನು ತರಲಾಗಲಿಲ್ಲ. 2014ರಲ್ಲಿ ಅಂತರರಾಷ್ಟ್ರೀಯ ಛಾಯಾಗ್ರಹಣ ಸಂಸ್ಥೆಗಳು ಸೇರಿ ‘ನೇಚರ್’ ವಿಭಾಗಕ್ಕೆ ಒಂದು ವ್ಯಾಖ್ಯೆ ಬರೆದವು. ಚಿತ್ರದಲ್ಲಿ ಮನುಷ್ಯನಿಗೆ ಸಂಬಂಧಿಸಿದ್ದು ಇರಬಾರದು ಎಂಬ ಭಾಗ ಎಲ್ಲರಿಗೂ ಬಾಯಿಪಾಠ. ಮನುಷ್ಯ ಬದಲಿಸಿದ ಪರಿಸರಕ್ಕೆ ಒಗ್ಗಿಕೊಂಡ ಕಣಜದ ಗೂಬೆ, ಕೊಕ್ಕರೆಗಳಂಥ ಜೀವಿಗಳ ಕಥೆಯಲ್ಲಿ ಅದು ಇರಬಹುದು ಎಂಬ ವಿನಾಯಿತಿಯೂ ಅಲ್ಲೇ ಇತ್ತು. ಅದು ಯಾರಿಗೂ ನೆನಪಿಲ್ಲ. ಪೋರ್ಟಿಕೋದ ಮಲ್ಲಿಗೆ ಬಳ್ಳಿಯಲ್ಲಿ, ಬಾಲ್ಕನಿಯ ಕುಂಡದಲ್ಲಿ ಗೂಡು ಕಟ್ಟುವ ಕೆಮ್ಮೀಸೆ ಪಿಕಳಾರ ಈ ವಿನಾಯಿತಿಗೆ ಹೇಳಿ ಮಾಡಿಸಿದ ಹಕ್ಕಿಯಲ್ಲವೇ? ಹಾಗೆ ನೋಡಿದರೆ ನಿಯಮಗಳೇನೂ ಶಾಸನವಲ್ಲ. ಒಂದು ಕಾಲಕ್ಕೆ ಗೂಡಿನಲ್ಲಿ ಮರಿಗೆ ಗುಟುಕು ಕೊಡುವ ಚಿತ್ರವೇ ಹಕ್ಕಿ ಛಾಯಾಗ್ರಹಣದ ಕಿರೀಟವಾಗಿತ್ತು. ಇಂದು ಹಲವು ಸ್ಪರ್ಧೆಗಳು ಅಂಥ ಚಿತ್ರವನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ.

ಇಂಥ ಚಿತ್ರಗಳಲ್ಲಿ ನನ್ನ ನೆನಪಿನಲ್ಲಿ ಉಳಿದದ್ದು, ತೆಗೆದವರೇ ‘ರಿಜೆಕ್ಟ್’ ಎಂದು ಬದಿಗಿಟ್ಟ ಒಂದು ಚಿತ್ರ. ಮಲ್ಲೇಶ್ವರದ ನಿವೃತ್ತ ಬ್ಯಾಂಕ್ ಉದ್ಯೋಗಿಯೊಬ್ಬರು ಜನವರಿಯಲ್ಲಿ ತೆಗೆದದ್ದು. ಗ್ರಿಲ್ಲಿನ ಮೇಲೆ ನೆಲ ಒರೆಸುವ ಬಟ್ಟೆ ಒಣಗಹಾಕಿದೆ. ಪಿಕಳಾರ ಅದರ ಅಂಚಿಗೆ ಕಾಲೂರಿ, ಜುಟ್ಟು ನಿಮಿರಿಸಿ, ಒಂದು ದಾರವನ್ನು ಕೊಕ್ಕಿನಲ್ಲಿ ಹಿಡಿದು ಎಳೆಯುತ್ತಿದೆ. ದಾರ ಬಿಗಿಯಾಗಿದೆ, ಹಕ್ಕಿಯ ಮೈ ಹಿಂದಕ್ಕೆ ವಾಲಿದೆ. ಪಕ್ಕದ ಸರಳಿಗೆ ತೊಳೆದು ಸಿಕ್ಕಿಸಿದ ನಂದಿನಿ ಹಾಲಿನ ಕವರ್, ಅದರಲ್ಲಿ ಒಂದು ತೊಟ್ಟು ನೀರು ಇನ್ನೂ ನಿಂತಿದೆ. ಗೂಡಿಗೆ ನಾರು ಬೇಕಾದ ಹಕ್ಕಿ ಯಾರ ಮನೆಯ ಯಾವ ಬಟ್ಟೆಗೆ ಕೈಹಾಕಿತು ಎಂಬುದೆಲ್ಲ ಆ ಒಂದು ಚೌಕಟ್ಟಿನಲ್ಲಿದೆ. ಪಾಚಿ ಕೊಂಬೆಯ ನೂರು ಪಿಕಳಾರಗಳು ಸೇರಿ ಇಷ್ಟು ಹೇಳಲಾರವು.

ಇನ್ನು ಈ ಚಿತ್ರಗಳಿಗೆ ಹಾಕುವ ‘ಚಳಿಗಾಲದ ಅತಿಥಿ’ ಎಂಬ ಅಡಿಬರಹದ ವಿಷಯ. ಹಿತ್ತಿಲಲ್ಲಿ ಕಾಳಿಟ್ಟು ಹಕ್ಕಿಗಳನ್ನು ಕರೆಯುವ ಈ ರೂಢಿ, ಅದರ ಪ್ಲಾಸ್ಟಿಕ್ ಡಬ್ಬಿಯ ಸಮೇತ, ಹಿಮ ಬೀಳುವ ದೇಶಗಳದ್ದು. ಅಲ್ಲಿ ನೆಲ ಹೆಪ್ಪುಗಟ್ಟುತ್ತದೆ, ಇರುಳು ಉದ್ದ, ಒಂದು ಹಿಡಿ ಕಾಳು ಒಂದು ಜೀವ ಉಳಿಸಬಹುದು. ನಮ್ಮಲ್ಲಿ ಡಿಸೆಂಬರಿನ ಇರುಳಿಗೂ 15–16 ಡಿಗ್ರಿ ಇರುತ್ತದೆ, ಗಸಗಸೆ ಮರ ಹಣ್ಣು ಬಿಡುವುದನ್ನು ನಿಲ್ಲಿಸುವುದಿಲ್ಲ. ನಿಜವಾದ ವಲಸೆಯ ಅತಿಥಿಗಳು, ಅಂದರೆ ಹಿಮಾಲಯ ಮತ್ತು ಅದರಾಚೆಯಿಂದ ಬರುವ ಎಲೆ ಉಲಿಯಕ್ಕಿಗಳು, ಕಂದು ನೊಣಹಿಡುಕಗಳು, ತಿನ್ನುವುದು ಹುಳುಹುಪ್ಪಟೆ. ನಿಮ್ಮ ಪಪ್ಪಾಯಿ, ನವಣೆಯ ಕಡೆ ಅವು ತಿರುಗಿಯೂ ನೋಡುವುದಿಲ್ಲ. ಕಾಂಪೌಂಡಿನ ಮಾವಿನ ಮರದ ತುದಿಯಲ್ಲಿ ಉಲಿಯಕ್ಕಿ ದಿನವಿಡೀ ಚೀರುತ್ತಿರುತ್ತದೆ. ಅದು ಬೆರಳುದ್ದದ ಮಬ್ಬು ಹಸಿರು ಹಕ್ಕಿ, ಕ್ಷಣ ನಿಲ್ಲುವುದಿಲ್ಲ, ಹಾಗಾಗಿ ಅದಕ್ಕೆ ಲೈಕೂ ಇಲ್ಲ. ಚಿತ್ರಗಳಲ್ಲಿ ‘ಅತಿಥಿ’ಯಾಗಿ ಮೆರೆಯುವುದು ವರ್ಷಪೂರ್ತಿ ಇಲ್ಲೇ ಇರುವ ಮನೆಯ ಮಂದಿ.

ಚೌಕಟ್ಟಿನಿಂದ ಹೊರಗುಳಿಯುವ ಇನ್ನೊಬ್ಬರು ಪಾರಿವಾಳಗಳು. ರಾಟವಾಳ ಬರಲಿ ಎಂದು ತಟ್ಟೆ ತುಂಬ ಅಕ್ಕಿ, ನವಣೆ ಸುರಿದರೆ ಮೊದಲು ಇಳಿಯುವುದು ಅವೇ. 2023ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಸಂಖ್ಯೆ ಹೆಚ್ಚುತ್ತಿರುವ ಹಕ್ಕಿಗಳ ಸಾಲಿನಲ್ಲಿ ಇವನ್ನು ಸೇರಿಸಿದೆ. 2025ರಲ್ಲಿ ಮುಂಬೈಯ ದಾದರಿನಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ ಕಬೂತರ್‌ಖಾನೆ ಮುಚ್ಚಿದಾಗ ಎದ್ದ ಗದ್ದಲ ಎಲ್ಲರೂ ನೋಡಿದ್ದೇ. ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಕೆಳಗಿನ ಮನೆಯವರ ಸಜ್ಜೆ ತೊಳೆಯಲು ಫೋಟೋಗ್ರಾಫರ್ ಬರುವುದೂ ಇಲ್ಲ. ಕೊಳಕು ತಟ್ಟೆ ಹಕ್ಕಿಗಳಿಗೂ ಕುತ್ತು. ಬ್ರಿಟನ್ನಿನಲ್ಲಿ 2005ರಿಂದ ಹರಡಿದ ಟ್ರೈಕೊಮೊನೋಸಿಸ್ ರೋಗ ಹಿತ್ತಿಲ ತಟ್ಟೆಗಳಿಗೆ ಬರುತ್ತಿದ್ದ ಗ್ರೀನ್‌ಫಿಂಚ್ ಹಕ್ಕಿಗಳ ಸಂಖ್ಯೆಯನ್ನು ತೀರಾ ಇಳಿಸಿತು. ಪರಿಷೆಯಿಂದ ತಂದ ಕಡಲೆಕಾಯಿಯಾದರೂ ಉಪ್ಪು ಹಾಕಿ ಹುರಿದದ್ದನ್ನು ಇಡಬಾರದು, ಬೂಷ್ಟು ಹಿಡಿದದ್ದನ್ನಂತೂ ಇಡಲೇಬಾರದು. ನನ್ನನ್ನು ಕೇಳಿದರೆ ಕಾಳಿಗಿಂತ ಒಂದು ಮಣ್ಣಿನ ಬಟ್ಟಲು ನೀರು ಮೇಲು. ದಿನಾ ಉಜ್ಜಿ ತೊಳೆದು ತುಂಬಿಸಬೇಕು, ಇಲ್ಲದಿದ್ದರೆ ಡೆಂಗಿ ಸೊಳ್ಳೆ ಸಾಕಿದಂತಾಗುತ್ತದೆ. ನೀರಿಗೆ ಮಡಿವಾಳ, ಸಿಂಪಿಗ, ಒಮ್ಮೊಮ್ಮೆ ಹುಳ ತಿನ್ನುವ ಆ ವಲಸೆಗಾರರೂ ಇಳಿಯುತ್ತಾರೆ. ಗಣೇಶಗುಡಿಯ ಓಲ್ಡ್ ಮ್ಯಾಗಜೀನ್ ಹೌಸಿನಲ್ಲಿ ಹಕ್ಕಿಗಳ ಸ್ನಾನದ ತೊಟ್ಟಿಗಳ ಮುಂದೆ ಛಾಯಾಗ್ರಾಹಕರು ಸಾಲಾಗಿ ಕೂರುವುದು ಸುಮ್ಮನಲ್ಲ.

ಇಷ್ಟೆಲ್ಲ ಹೇಳಿದರೂ ಈ ಹವ್ಯಾಸ ನಿಲ್ಲಲಿ ಎಂದು ನಾನು ಬಯಸಲಾರೆ. ಒಂದೇ ಕಿಟಕಿಯಿಂದ ಒಂದೇ ಹಕ್ಕಿಯನ್ನು ತಿಂಗಳುಗಟ್ಟಲೆ ನೋಡುವವರಿಗೆ ಸಿಗುವ ತಿಳಿವಳಿಕೆ, ವಾರಾಂತ್ಯಕ್ಕೆ ಕಬಿನಿಗೆ ಹೋಗಿಬರುವವರಿಗೆ ಸಿಗುವುದಿಲ್ಲ. ಆ ತಿಳಿವಳಿಕೆ ಚಿತ್ರದಲ್ಲಿ ಕಾಣುತ್ತಿಲ್ಲ ಎಂಬುದೇ ನನ್ನ ದೂರು. ಈ ಚಳಿಗಾಲ ಕೇಬಲ್ ಟೈ ಕತ್ತರಿಸಿ, ಲೆನ್ಸನ್ನು ಸ್ವಲ್ಪ ಹಿಂದಕ್ಕೆ ಎಳೆಯಿರಿ. ಗ್ರಿಲ್ಲೂ ಸಂಪಿನ ಮುಚ್ಚಳವೂ ಪಕ್ಕದ ಮನೆಯ ಹಸಿರು ಬಲೆಯೂ ಚಿತ್ರದೊಳಗೆ ಬರಲಿ. ಕೆಳಗೆ ತಾರೀಕು, ಅಡ್ಡರಸ್ತೆಯ ಹೆಸರು ಬರೆಯಿರಿ. ಫೆಬ್ರವರಿಯಲ್ಲಿ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ನಡೆಯುತ್ತದೆ. ಭಾರತ 2013ರಿಂದ ಅದರಲ್ಲಿದೆ. ಅದಕ್ಕೆ ಕ್ಯಾಮೆರಾವೂ ಬೇಕಿಲ್ಲ, ಹದಿನೈದು ನಿಮಿಷ ಕಿಟಕಿಯ ಬಳಿ ನಿಂತು ಕಂಡದ್ದನ್ನು ಎಣಿಸಿದರೆ ಸಾಕು. ಎಣಿಸುವಾಗ ಕಾಗೆ, ಪಾರಿವಾಳಗಳನ್ನು ಮಾತ್ರ ಬಿಡಬೇಡಿ.