ಅರಸನ ಮಗನೂ ಲೋಕದ ಕಣ್ಣೂ: ಕುಮಾರರಾಮನ ಕಥೆಯನ್ನು ಕುರಿತು

ಮುನಿರಾಬಾದಿನಿಂದ ಬಹುದೂರವಲ್ಲದ, ಗಂಗಾವತಿ ತಾಲ್ಲೂಕಿನ ಗುಡ್ಡಗಳ ನಡುವೆ ಕುಮ್ಮಟದುರ್ಗದ ಅವಶೇಷಗಳಿವೆ. ಕಂಪಿಲರಾಯನ ಮಗ ಕುಮಾರರಾಮನ ಹೆಸರು ಈ ದುರ್ಗದೊಡನೆ ಬೆಸೆದುಕೊಂಡಿದೆ. ನಂಜುಂಡಕವಿಯ ಸಾಂಗತ್ಯಕೃತಿಯೇ ಮೊದಲಾದ ಕಾವ್ಯಗಳಲ್ಲಿಯೂ ಜನಪದರ ಬಾಯಲ್ಲಿಯೂ ಹರಡಿರುವ ಅವನ ಕಥೆಯನ್ನು ಶೌರ್ಯಶೀಲಗಳ ಆದರ್ಶವೆಂದು ಓದುವುದು ರೂಢಿ. ಈ ಓದು ತಪ್ಪಲ್ಲ, ಆದರೆ ಸಾಲದು. ಆಳುವವನ ಮಗನಾಗಿ ಹುಟ್ಟಿ, ಎಲ್ಲರ ಕಣ್ಣೆದುರಿಗೆ ಬೆಳೆಯಬೇಕಾದವನ ಪಾಡೇನೆಂಬ ಪ್ರಶ್ನೆಯೂ ಇದರಲ್ಲಿ ಅಡಗಿದೆಯೆಂಬುದು ಪ್ರಸ್ತುತ ಲೇಖನದ ಅಭಿಪ್ರಾಯ.

ಕಥೆಯ ತಿರುವು ಒಂದು ಆಟದಲ್ಲಿದೆ. ರಾಮನು ಗೆಳೆಯರೊಡನೆ ಚೆಂಡಾಡುತ್ತಿರಲು ಚೆಂಡು ಮಲತಾಯಿ ರತ್ನಾಜಿಯ ಅರಮನೆಯಲ್ಲಿ ಬೀಳುತ್ತದೆ. ಅದನ್ನು ತರಹೋದವನನ್ನು ಅವಳು ಮೋಹಿಸುತ್ತಾಳೆ. ಅವನು ಒಲ್ಲೆನೆನ್ನಲು ಅವನ ಮೇಲೆಯೇ ದೂರು ಹೊರಿಸುತ್ತಾಳೆ. ಅರಸನ ಮನೆಯಲ್ಲಿ ಮನೆಯ ಮಾತೆಂಬುದು ಬೇರೆಯಾಗಿ ಉಳಿಯದು. ತಂದೆಯಾಗಿ ವಿಚಾರಿಸಬೇಕಾದವನು ದೊರೆಯಾಗಿ ಮರಣದಂಡನೆ ವಿಧಿಸುತ್ತಾನೆ. ರಾಮನಿಗೆ ಸಂದಿರುವ ‘ಪರನಾರೀಸಹೋದರ’ ಎಂಬ ಬಿರುದನ್ನೂ ಇಲ್ಲಿ ನೆನೆಯಬೇಕು. ತರುಣನೊಬ್ಬನು ಏಕಾಂತದಲ್ಲಿ ಆಡಿದ ನಿರಾಕರಣೆಯ ಮಾತು ಕೂಡ ಲೋಕದ ಸ್ವತ್ತಾಗಿ ಬಿರುದಿನೊಳಗೆ ಸೇರಿಹೋಗಿದೆ.

ಮಂತ್ರಿ ಬೈಚಪ್ಪನು ರಾಮನನ್ನು ಕೊಲ್ಲದೆ ನೆಲಮಾಳಿಗೆಯಲ್ಲಿ ಅಡಗಿಸಿಟ್ಟು, ಅವನು ಸತ್ತನೆಂದು ಅರಸನನ್ನು ನಂಬಿಸುತ್ತಾನೆ. ಇದು ಕೇವಲ ಕಥಾತಂತ್ರವಲ್ಲ. ರಾಜಕುಮಾರನು ಜನರ ಕಣ್ಣಿಗೆ ಬೀಳದಿರುವ ಸ್ಥಳವೊಂದು ಕೊನೆಗೂ ದೊರೆಯಿತು. ಆದರೆ ಲೋಕದ ಪಾಲಿಗೆ ಆ ಮರೆಯೇ ಮರಣ. ದೆಹಲಿಯ ಸೈನ್ಯ ಬಂದಾಗ ಅವನು ಮತ್ತೆ ಹೊರಬರುತ್ತಾನೆ. ಅವನನ್ನು ಬೆಳಕಿಗೆ ತಂದುದು ತಂದೆಯ ಪಶ್ಚಾತ್ತಾಪವಲ್ಲ, ರಾಜ್ಯದ ಅಗತ್ಯ. ಕೊನೆಗೆ ಯುದ್ಧದಲ್ಲಿ ಮಡಿದು ಅವನು ಜನರ ನೆನಪಿನಲ್ಲಿ ಸ್ಥಿರನಾಗುತ್ತಾನೆ.

ಇನ್ನು ಇತಿಹಾಸದ ಕಡೆ ನೋಡೋಣ. ದಂಗೆಯೆದ್ದ ಬಹಾಉದ್ದೀನ್ ಗುರ್ಶಾಸ್ಪನಿಗೆ ಕಂಪಿಲನು ಆಶ್ರಯ ಕೊಟ್ಟುದರಿಂದ ಮಹಮ್ಮದ್ ಬಿನ್ ತುಘಲಕನ ಸೇನೆ 1327ರ ಸುಮಾರಿಗೆ ಈ ರಾಜ್ಯವನ್ನು ನಾಶಮಾಡಿತು. ದೆಹಲಿಯ ಆಸ್ಥಾನದಲ್ಲಿ ಕೆಲವು ವರ್ಷಗಳಿದ್ದ ಪ್ರವಾಸಿ ಇಬ್ನ್ ಬತೂತನು, ಕಂಪಿಲನ 11 ಮಂದಿ ಮಕ್ಕಳು ಸೆರೆಸಿಕ್ಕು ಇಸ್ಲಾಂ ಧರ್ಮವನ್ನು ಸೇರಿದರೆಂದು ಬರೆದಿದ್ದಾನೆ. ಅವರಲ್ಲಿ ಮೂವರನ್ನು ಅವನೇ ಕಂಡಿದ್ದನು. ಒಬ್ಬನು ಸುಲ್ತಾನನು ಕುಡಿಯುವ ನೀರಿಗೆ ಮುದ್ರೆಯೊತ್ತುವ ಅಧಿಕಾರಿ. ಅವನು ತನಗೆ ಗೆಳೆಯನಾಗಿದ್ದನೆಂದೂ ಪ್ರವಾಸಿ ಹೇಳುತ್ತಾನೆ.

ಹಾಡಿನಲ್ಲಿ ಮಡಿದವನಿದ್ದಾನೆ, ಬದುಕಿದವರಿಲ್ಲ. ತಂದೆಯ ರಾಜ್ಯವನ್ನು ಅಳಿಸಿದವನ ಬಳಿಯೇ ನೀರಿನ ಮುದ್ರೆ ಹಿಡಿದು ದಿನ ಕಳೆದ ಮಗನ ಮನಸ್ಸನ್ನು ಕಾಣಲು ನಮ್ಮ ಕಾವ್ಯ ಹೋಗಲಿಲ್ಲ. ಕವಿ ಚರಿತ್ರಕಾರನಲ್ಲವೆಂದು ಆಕ್ಷೇಪಿಸಬಹುದು. ಅದು ದಿಟ, ನಂಜುಂಡನು ಈ ಘಟನೆಗಳಿಗೆ ಸುಮಾರು ಎರಡು ಶತಮಾನಗಳ ಅನಂತರದವನು, ಅವನನ್ನು ಇದಕ್ಕಾಗಿ ದೂರುವುದು ಸಲ್ಲದು. ದೂರಬೇಕಾದುದು ಕೇಳುಗರಾದ ನಮ್ಮನ್ನು. ದೊಡ್ಡವರ ಮಕ್ಕಳು ತಂದೆಯ ಹೆಸರಿಗೆ ಮಡಿದರೆ ಹಾಡುತ್ತೇವೆ. ಸಾಮಾನ್ಯರಂತೆ ಬದುಕಿ ಉಳಿದರೆ ಮರೆಯುತ್ತೇವೆ, ಇಲ್ಲವೆ ಹಳಿಯುತ್ತೇವೆ.

ಇಂದು ಅರಸರಿಲ್ಲ. ಆದರೆ ಮಂತ್ರಿಯ ಮಗ ಶಾಲೆಯ ಬೆಂಚಿನ ಮೇಲೆ ಕುಳಿತಾಗಲೂ ತಂದೆಯ ಹೆಸರನ್ನು ಹೊತ್ತೇ ಕುಳಿತಿರುತ್ತಾನೆ. ಅವನ ಚೆಂಡು ಎಲ್ಲಿ ಬಿದ್ದರೂ ಅದು ಊರಿನ ಸುದ್ದಿ. ಅವನು ಉತ್ತರಾಧಿಕಾರಿಯಾಗುವನೇ, ಕುಲಕಳಂಕನಾಗುವನೇ ಎಂದಷ್ಟೇ ನಾವು ಕೇಳುತ್ತೇವೆ. ಕುಮಾರರಾಮನ ಕಥೆಯನ್ನು ಪಾಠಹೇಳುವಾಗ ಅಧ್ಯಾಪಕರು ರಣರಂಗದಷ್ಟೇ ಹೊತ್ತು ನೆಲಮಾಳಿಗೆಯ ಬಳಿಯೂ ನಿಲ್ಲುವುದು ಉಚಿತ. ಬಿರುದಿಲ್ಲದ ರಾಮನು ಅಲ್ಲಿ ಒಬ್ಬನೇ ಕುಳಿತಿದ್ದಾನೆ.