ಶರೀಫರ ಪದ, ಬೇಸ್ ಗಿಟಾರು ಮತ್ತು ಕನ್ನಡ ರಾಕ್ ಹಾಡದ ತಕರಾರು

ಕನ್ನಡ ರಾಕ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಬೆಂಗಳೂರಿನಿಂದ ಶುರು ಮಾಡುತ್ತಾರೆ. ಹಾವೇರಿ ಸೀಮೆಯಿಂದ, ಅದರಲ್ಲೂ ತುಂಗಭದ್ರೆಯ ದಂಡೆಯ ಕುಮಾರಪಟ್ಟಣದಿಂದ ನೋಡಿದರೆ ಈ ಪಂಥದ ಬಲವೂ ಕೊರತೆಯೂ ಹೆಚ್ಚು ಸ್ಪಷ್ಟವಾಗಿ ಕಾಣುತ್ತವೆ ಎಂಬುದು ನನ್ನ ನಂಬಿಕೆ. ಅದರ ಅತ್ಯುತ್ತಮ ಹಾಡುಗಳ ಪದ ಬಂದದ್ದು ಇದೇ ಜಿಲ್ಲೆಯ ಶಿಶುನಾಳದ ಸಂತ ಶರೀಫರಿಂದ. ಅದು ಕಿವಿಗೊಡದೆ ಬಿಟ್ಟ ಕಥೆಗಳೂ ಇದೇ ಜಿಲ್ಲೆಯವು.

2008ರಲ್ಲಿ ಬಂದ ರಘು ದೀಕ್ಷಿತ್ ಪ್ರಾಜೆಕ್ಟ್‌ನ ಮೊದಲ ಆಲ್ಬಮ್‌ನಲ್ಲಿ ಶರೀಫರ ‘ಗುಡುಗುಡಿಯ ಸೇದಿ ನೋಡೋ’, ‘ಸೋರುತಿಹುದು ಮನೆಯ ಮಾಳಿಗಿ’ ಎರಡೂ ಇದ್ದವು. ಈ ಪದಗಳನ್ನು ಸುಗಮ ಸಂಗೀತದ ಗಾಯಕ ಸಿ. ಅಶ್ವಥ್ ಆಗಲೇ ಮನೆಮನೆಗೆ ಮುಟ್ಟಿಸಿದ್ದರು. 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಕೂಡ ಬಂದುಹೋಗಿತ್ತು. ಹಾಗಿದ್ದೂ ಸುಗಮ ಸಂಗೀತದ ಕಡೆ ಸುಳಿಯದ ಕಾಲೇಜು ಹುಡುಗರು ಶರೀಫರ ಸಾಲು ಬಾಯಿಪಾಠ ಮಾಡಿದ್ದು ಬಣ್ಣದ ಲುಂಗಿ, ಗೆಜ್ಜೆ ಕಟ್ಟಿಕೊಂಡು ವೇದಿಕೆಗೆ ಬಂದ ರಘು ಅವರಿಂದ. 2011ರಲ್ಲಿ ಈ ತಂಡ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲೂ ನುಡಿಸಿತು. ಹತ್ತೊಂಬತ್ತನೆಯ ಶತಮಾನದ ನಮ್ಮ ಪದಕಾರರೊಬ್ಬರು ಅಷ್ಟು ದೂರ ಹೋಗಿದ್ದು ಸಣ್ಣ ಮಾತಲ್ಲ. ಅದಕ್ಕೆ ಕೊಡಬೇಕಾದ ಗೌರವ ಕೊಟ್ಟೇ ಮುಂದಿನ ಮಾತು ಆಡುತ್ತಿದ್ದೇನೆ.

ರಾಕ್ ತಂಡದೊಳಗೆ ಬಂದ ಶರೀಫರಿಗೆ ಏನಾಯಿತು ಎಂದು ತಿಳಿಯಬೇಕಾದರೆ ಹಾಡುಗಾರನನ್ನು ಬಿಟ್ಟು ಬೇಸ್ ಗಿಟಾರಿಗೆ ಕಿವಿ ಕೊಡಬೇಕು. ನಾಲ್ಕು ತಂತಿಯ ಈ ವಾದ್ಯದ ಎಲ್ಲಕ್ಕಿಂತ ದಪ್ಪ ತಂತಿಯನ್ನು ಬೆರಳಿಡದೆ ಮೀಟಿದರೆ ಸೆಕೆಂಡಿಗೆ ಸುಮಾರು 41 ಕಂಪನ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಆ ತಳದ ಸ್ವರ ಕೇಳುವುದೇ ಇಲ್ಲ. ದೊಡ್ಡ ಸ್ಪೀಕರಿನ ಮುಂದೆ ನಿಂತಾಗ ಅದು ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ಭಜನೆಯಲ್ಲಿ ಶರೀಫರ ಪದದ ಕೆಳಗಿರುವುದು ಏಕತಾರಿ. ಅದು ಒಂದೇ ಸ್ವರ ಹಿಡಿದು ಕೂತಿರುತ್ತದೆ, ಹಾಡುವವನು ಅದರ ಮೇಲೆ ತನಗೆ ಬೇಕಾದಷ್ಟು ಹೊತ್ತು ನಿಲ್ಲಬಹುದು, ಒಂದು ಮಾತನ್ನು ಮತ್ತೆ ಮತ್ತೆ ತಿರುವಿ ಹಾಡಬಹುದು. ಬೇಸ್ ಹಾಗಲ್ಲ. ಅದು ಡ್ರಮ್ಮಿನ ಜೊತೆ ಹೆಜ್ಜೆ ಹಾಕುತ್ತ ಹಾಡನ್ನು ಮುಂದೆ ತಳ್ಳುತ್ತದೆ, ಪಲ್ಲವಿ ಬಂದಾಗ ಜನ ಕುಣಿಯಲೇಬೇಕು ಎನ್ನುವಂತೆ ಮಾಡುತ್ತದೆ. ಕುಣಿತ ಬಂತು, ಆದರೆ ಪದದೊಳಗಿನ ಯೋಚನೆಗೆ ನಿಲ್ಲಲು ಜಾಗ ಕಡಿಮೆಯಾಯಿತು. ಸೋರುವ ಮಾಳಿಗೆಯ ಆತಂಕವಂತೂ ಚಪ್ಪಾಳೆಯ ನಡುವೆ ಅರ್ಧ ಕಳೆದೇಹೋಯಿತು. ಭಜನಾ ಮೇಳದಲ್ಲಿ ಪದ ಎತ್ತಿ ಕೊಡುವವನೂ ತಿರುಗಿ ಹಾಡುವವರೂ ಒಂದೇ ಓಣಿಯವರು. ರಾಕ್ ವೇದಿಕೆಯಲ್ಲಿ ಒಬ್ಬ ತಾರೆ, ಎದುರಿಗೆ ಪ್ರೇಕ್ಷಕರು.

ಈ ಪಂಥದಲ್ಲಿ ಬೇಸ್ ನುಡಿಸುವವರ ಪಾತ್ರ ವೇದಿಕೆಗಷ್ಟೇ ಸೀಮಿತವಾಗಿರಲಿಲ್ಲ. ರಘು ತಂಡದಲ್ಲಿ ಬಹುಕಾಲ ಬೇಸ್ ನುಡಿಸಿದ ಗೌರವ್ ವಾಜ್ ತಂಡದ ವ್ಯವಹಾರವನ್ನೂ ನೋಡಿಕೊಂಡರು. ಇದೇ ಪಂಥದ ಇನ್ನೊಂದು ತಂಡ ಸ್ವರಾತ್ಮದ ಬೇಸ್ ವಾದಕ ಜಿಷ್ಣು ದಾಸಗುಪ್ತ ಕೂಡ ಹಾಗೆಯೇ. ಹಿಂದೆ ನಿಂತವರು ತಂಡ ಕಟ್ಟಿ ಉಳಿಸಿದರು ಎನ್ನುವುದನ್ನು ಕನ್ನಡದ ಸಂಗೀತ ವಿಮರ್ಶೆ ಇನ್ನೂ ಸರಿಯಾಗಿ ಗುರುತಿಸಿಲ್ಲ. ಸ್ವರಾತ್ಮ ತನ್ನ 2009ರ ಆಲ್ಬಮ್‌ನಲ್ಲಿ ಕಾವೇರಿಯ ಬಗ್ಗೆ ಹಾಡು ಕಟ್ಟಿತು. ಆ ಧೈರ್ಯ ಮೆಚ್ಚಬೇಕಾದದ್ದೇ, ಆದರೆ ಆ ಹಾಡು ಹಿಂದಿಯಲ್ಲಿತ್ತು.

ತನ್ನ ಊರಿನ ಮಾತನ್ನು ತಾನೇ ಹಾಡುವ ವಿಷಯದಲ್ಲಿ ಅಮೆರಿಕದ ಪಂಕ್ ರಾಕ್ ಬೇರೆ ದಾರಿ ಹಿಡಿಯಿತು. ವಾಷಿಂಗ್ಟನ್ನಿನ ಇಯಾನ್ ಮೆಕೇ ಟೀನ್ ಐಡಲ್ಸ್ ಎಂಬ ಹುಡುಗರ ತಂಡದಲ್ಲಿ ಬೇಸ್ ನುಡಿಸುತ್ತಿದ್ದರು. 1980ರಲ್ಲಿ ತಂಡ ಒಡೆದಾಗ ಕಾರ್ಯಕ್ರಮಗಳಿಂದ ಉಳಿದಿದ್ದ ದುಡ್ಡಿನಲ್ಲಿ ಅವರೂ ಗೆಳೆಯರೂ ಸೇರಿ ತಮ್ಮದೇ ಹಾಡುಗಳ ಪುಟ್ಟ ರೆಕಾರ್ಡ್ ಒತ್ತಿಸಿದರು. ಅದರ ಕವರನ್ನು ಕೂತು ಕತ್ತರಿಸಿ, ಮಡಿಚಿ, ಅಂಟಿಸಿದ್ದೂ ಅವರೇ. ಅವರದೇ ರೆಕಾರ್ಡ್ ಕಂಪನಿ ಡಿಸ್ಕಾರ್ಡ್ ರೆಕಾರ್ಡ್ಸ್ ಹುಟ್ಟಿದ್ದು ಹಾಗೆ. ಮುಂದೆ ಮೆಕೇ ಮೈನರ್ ಥ್ರೆಟ್‌ನಲ್ಲಿ ಹಾಡಿದರು, ಫುಗಾಜಿ ಕಟ್ಟಿದರು, ರೈಟ್ಸ್ ಆಫ್ ಸ್ಪ್ರಿಂಗ್‌ನಂಥ ತಂಡಗಳ ಆಲ್ಬಮ್ ನಿರ್ಮಿಸಿದರು. ದೊಡ್ಡ ಕಂಪನಿಗಳಿಗೆ ತಮ್ಮನ್ನು ಮಾರಿಕೊಳ್ಳಲಿಲ್ಲ. ಫುಗಾಜಿಯ ಟಿಕೆಟ್ಟನ್ನು ಸಾಧ್ಯವಾದಲ್ಲೆಲ್ಲ ಐದು ಡಾಲರಿಗೇ ಇಟ್ಟರು. ಡಿಸ್ಕಾರ್ಡ್ ತನ್ನ ಊರಿನ ತಂಡಗಳ ಹಾಡುಗಳನ್ನೇ ಹೊರತಂದಿತು, ಅದನ್ನೇ ಹೆಮ್ಮೆಯ ವಿಷಯ ಮಾಡಿಕೊಂಡಿತು.

ಕನ್ನಡ ನಾಡಿನಲ್ಲಿ ಇಂಥ ಛಲ ಇರಲಿಲ್ಲವೇ? ಇತ್ತು. ಅದು ಗಿಟಾರು ಹಿಡಿದಿರಲಿಲ್ಲ, ಅಷ್ಟೇ. ಕುಮಾರಪಟ್ಟಣದಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಶುರುವಾಯಿತು, ನೀಲಗಿರಿ ಮರ ಅರೆದು ರೇಯಾನಿಗೆ ಬೇಕಾದ ಪಲ್ಪ್ ಮಾಡಲು. ಸುತ್ತಲಿನ ಸಾವಿರಾರು ಮನೆಗಳಿಗೆ ಅದು ಅನ್ನ ಕೊಟ್ಟಿತು. ಕಾರ್ಖಾನೆಯ ನೀರು ಹೊಳೆಗೆ ಬಿದ್ದು ಮೀನು ಸತ್ತವು, ಮೈಮೇಲೆ ಹುಣ್ಣಾದವು ಎಂಬ ದೂರೂ ನದಿ ದಂಡೆಯ ಹಳ್ಳಿಗಳಿಂದ ಎದ್ದಿತು. 1984ರಲ್ಲಿ ಸರ್ಕಾರ ಈ ಕಂಪನಿಯ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಮಾಡಿ, ನೀಲಗಿರಿ ಬೆಳೆಯಲು ಸುಮಾರು 75,000 ಎಕರೆ ಊರೊಟ್ಟಿನ ಭೂಮಿ ಕೊಡಲು ಹೊರಟಿತು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹೋರಾಟಕ್ಕಿಳಿಯಿತು, ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ಅದೇ ನೆಲದಲ್ಲಿ ತಮಗೆ ಬೇಕಾದ ಗಿಡ ಹಚ್ಚಿದರು. ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ಎಂದೇ ಅದಕ್ಕೆ ಹೆಸರಾಯಿತು. 1991ರಲ್ಲಿ ಕರ್ನಾಟಕ ಪಲ್ಪ್‌ವುಡ್ ಮುಚ್ಚಿತು.

ತನ್ನ ಕೈಯಿಂದಲೇ ಮಾಡುವುದು, ತನ್ನ ಊರಿನ ಸಿಟ್ಟನ್ನು ಮುಚ್ಚಿಡದಿರುವುದು ಪಂಕ್‌ನ ಜೀವಾಳವಾದರೆ ಕುಸನೂರಿಗಿಂತ ದೊಡ್ಡ ಉದಾಹರಣೆ ನನಗೆ ಕಾಣುವುದಿಲ್ಲ. ಹಾಡಿನಲ್ಲಿ ಆ ಕೆಲಸ ಮಾಡಿದ್ದು ದಲಿತ-ಬಂಡಾಯ ಪರಂಪರೆ. ಕವಿ ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಸಂಕಲನ ಬಂದದ್ದು 1975ರಲ್ಲಿ, ‘ಸಮುದಾಯ’ ರಂಗತಂಡ ಹುಟ್ಟಿದ್ದೂ ಅದೇ ವರ್ಷ. ಮೈಕು ಕೂಡ ಇಲ್ಲದ ಬೀದಿಗಳಲ್ಲಿ ತಮಟೆ ಬಾರಿಸಿಕೊಂಡು ಸಾವಿರಾರು ಜನ ಆ ಹಾಡುಗಳನ್ನು ಹಾಡಿದರು. ನಮ್ಮ ರಾಕ್ ತಂಡಗಳು ಸಾಹಿತ್ಯ ಹುಡುಕಿಕೊಂಡು ಶರೀಫರ ತನಕ ಹೋದವು, ಪಕ್ಕದಲ್ಲೇ ಕೇಳುತ್ತಿದ್ದ ಈ ತಮಟೆಯ ಸದ್ದನ್ನು ದಾಟಿಕೊಂಡು ಹೋದವು. ಶರೀಫರ ತತ್ವಪದ ಇಂದು ಯಾರನ್ನೂ ಹೆಸರಿಟ್ಟು ಬೈಯುವುದಿಲ್ಲ, ಯಾವ ಪ್ರಾಯೋಜಕನಿಗೂ ಅದರಿಂದ ಮುಜುಗರವಾಗುವುದಿಲ್ಲ. ಶರೀಫರನ್ನು ಆರಿಸಿಕೊಂಡದ್ದರಲ್ಲಿ ಪ್ರೀತಿಯಷ್ಟೇ ಸುರಕ್ಷತೆಯೂ ಇತ್ತು ಎಂದು ನಾನು ಹೇಳುತ್ತೇನೆ.

ಶರೀಫರ ಪದಗಳು ರಾಕ್ ಆಗಿ ಮೊಳಗಿದ ಅದೇ 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು, ರೈತರ ಜೀವ ಹೋಯಿತು. ಆ ಸಾವಿನ ಮೇಲೆ ಒಂದು ಕನ್ನಡ ರಾಕ್ ಹಾಡನ್ನು ನಾನು ಈತನಕ ಕೇಳಿಲ್ಲ. ಕಾರ್ಖಾನೆಯ ಶಿಫ್ಟು, ಹೊಳೆಯ ನೀರಿನ ಬಣ್ಣ, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದರ ಬಿದ್ದ ದಿನದ ರೈತನ ಮುಖ, ಇವೂ ಹಾಡಾಗಲಿಲ್ಲ. ಕನ್ನಡ ರಾಕ್ ಚೆನ್ನಾಗಿ ನುಡಿಸುತ್ತದೆ, ಚೆನ್ನಾಗಿ ಕುಣಿಸುತ್ತದೆ. ತನ್ನ ಕಾಲದ ತಕರಾರನ್ನು ಮಾತ್ರ ಅದು ಇನ್ನೂ ಹಾಡಿಲ್ಲ.

ರಾಣೆಬೆನ್ನೂರು, ಹರಿಹರ, ಕುಮಾರಪಟ್ಟಣದ ಕಾಲೇಜುಗಳಲ್ಲಿ ಇಂದು ಗಿಟಾರು ಹಿಡಿದಿರುವ ಹುಡುಗ ಹುಡುಗಿಯರಿಗೆ ಒಂದು ಮಾತು. ರೆಕಾರ್ಡಿಂಗಿಗೆ ಬೆಂಗಳೂರಿನ ಸ್ಟುಡಿಯೋ ಬೇಕಿಲ್ಲ, ಒಂದು ಲ್ಯಾಪ್‌ಟಾಪು, ಒಂದು ಮೈಕು ಸಾಕು. ಕುಸನೂರಿನಲ್ಲಿ ಇಪ್ಪತ್ತರ ಹರೆಯದಲ್ಲಿ ಸಸಿ ಕಿತ್ತವರಿಗೆ ಈಗ ಅರವತ್ತರ ಆಚೆ ಈಚೆ ವಯಸ್ಸು. ಹಾಡು ಕಟ್ಟುವ ಮೊದಲು ಅವರ ಹತ್ತಿರ ಹೋಗಿ ಕೂತು ಕೇಳಿ.