ಜಾಲಕ ಬದಲಿಸುವ ಒಂದು ಸಾಲು: ಎಲ್ಮರ್‌ಗ್ರಿಡ್ ಆಯ್ಕೆಗಳ ವಿಮರ್ಶೆ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಬೇಸಾಯ ಹಿಂದಿನಿಂದಲೂ ಕೆರೆಗಳನ್ನು ನೆಚ್ಚಿಕೊಂಡು ಬಂದಿದೆ. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಜಿಲ್ಲೆಯ ಅನೇಕ ಕೆರೆಗಳಿಗೆ ಬರತೊಡಗಿತು. ವರ್ಷಗಟ್ಟಲೆ ಒಣಗಿದ್ದ ಕಟ್ಟೆಗಳು ಮತ್ತೆ ನೀರಿನ ಒತ್ತಡವನ್ನು ಹೊರಬೇಕಾಯಿತು. ಇಂಥ ಕಟ್ಟೆಯೊಳಗೆ ನೀರು ಎಷ್ಟು ಜಿನುಗುತ್ತದೆ, ಅದರ ಬುಡದ ಮೇಲೆ ಎಷ್ಟು ಭಾರ ಬೀಳುತ್ತದೆ ಎಂಬ ಲೆಕ್ಕ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ಒಳ್ಳೆಯ ವಿಷಯ. ಈ ಲೆಕ್ಕದ ನಡುವೆ ಬರುವ, ಯಾರೂ ಹೆಚ್ಚು ಗಮನಿಸದ ಒಂದು ಸಣ್ಣ ತಂತ್ರಾಂಶವನ್ನು ಇಲ್ಲಿ ಪರಿಶೀಲಿಸೋಣ.

ಫೈನೈಟ್ ಎಲಿಮೆಂಟ್ ವಿಧಾನದಲ್ಲಿ ಕಟ್ಟೆಯನ್ನು ಸಾವಿರಾರು ಸಣ್ಣ ತುಂಡುಗಳಾಗಿ ವಿಂಗಡಿಸುತ್ತಾರೆ. ಈ ತುಂಡುಗಳ ಜೋಡಣೆಯೇ ಜಾಲಕ. ಜಾಲಕ ಹೆಣೆಯುವುದು ಒಂದು ತಂತ್ರಾಂಶ, ಲೆಕ್ಕ ಮಾಡುವುದು ಇನ್ನೊಂದು. ಒಂದರ ಕಡತ ಇನ್ನೊಂದಕ್ಕೆ ಅರ್ಥವಾಗದಿದ್ದಾಗ ನಡುವೆ ದುಭಾಷಿ ಬೇಕಾಗುತ್ತದೆ. ಜಿಎಂಎಸ್‌ಎಚ್‌ನಲ್ಲಿ ಹೆಣೆದ ಜಾಲಕವನ್ನು ಫಿನ್ಲೆಂಡಿನ ಸಿಎಸ್‌ಸಿ ಸಂಸ್ಥೆ 2005ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದ ಎಲ್ಮರ್‌ಗೆ ಒಪ್ಪಿಸುವ ದುಭಾಷಿ ಎಲ್ಮರ್‌ಗ್ರಿಡ್. ಎಲ್ಲವೂ ಉಚಿತ. ಎಲ್ಮರ್‌ಗ್ರಿಡ್‌ಗೆ ಕೆಲಸ ಹೇಳುವುದು ಕಮಾಂಡ್ ಲೈನಿನಲ್ಲಿ, ಹೀಗೆ (ಗಣಕದಲ್ಲಿ ರೋಮನ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು):

ಎಲ್ಮರ್‌ಗ್ರಿಡ್ 14 2 ಕಟ್ಟೆ.ಎಂಎಸ್‌ಎಚ್ -ಆಟೋಕ್ಲೀನ್ -ಸ್ಕೇಲ್ 0.001 0.001 0.001

ಮೆಚ್ಚಬೇಕಾದದ್ದು

ಹಳೆಯ ಗಣಕದಲ್ಲೂ ಇದು ಸಲೀಸಾಗಿ ಓಡುತ್ತದೆ. ಹತ್ತು ಕೆರೆಗಳ ಹತ್ತು ಜಾಲಕಗಳಿದ್ದರೆ ಇದೇ ಸಾಲನ್ನು ಹತ್ತು ಸಲ ಬಳಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಏನು ಮಾಡಿದೆವು ಎಂಬುದು ಅಕ್ಷರರೂಪದಲ್ಲಿ ಉಳಿಯುತ್ತದೆ. ಮೌಸ್ ಒತ್ತಿ ಮಾಡಿದ ಕೆಲಸಕ್ಕೆ ಇಂಥ ದಾಖಲೆ ಸಿಗುವುದು ಅಪರೂಪ. ಪ್ರಯೋಗವನ್ನು ಬೇರೊಬ್ಬರು ಮತ್ತೆ ಮಾಡಿ ನೋಡುವಂತಿರಬೇಕು ಎಂಬ ವಿಜ್ಞಾನದ ನಿಯಮಕ್ಕೆ ಇದು ಒಪ್ಪುತ್ತದೆ.

ಸಂಖ್ಯೆಗಳ ಒಗಟು

ಆದರೆ 14 ಎಂದರೇನು? 2 ಎಂದರೇನು? 14 ಜಿಎಂಎಸ್‌ಎಚ್ ಕಡತ, 2 ಎಲ್ಮರ್ ಕಡತ. ಯೂನಿವರ್ಸಲ್ ಕಡತಕ್ಕೆ 8. ಇವುಗಳನ್ನು ಬಾಯಿಪಾಠ ಮಾಡಬೇಕು, ಇಲ್ಲವೇ ಪ್ರತಿಸಲವೂ ಪಟ್ಟಿ ತೆಗೆದು ನೋಡಬೇಕು. ಪೈಥಾನ್ ಭಾಷೆಯ ಮೆಶ್‌ಐಓ ಎಂಬ ಇನ್ನೊಂದು ಸಾಧನ ಕಡತದ ಹೆಸರಿನ ಕೊನೆಯ ಅಕ್ಷರಗಳನ್ನು ನೋಡಿಯೇ ರೂಪವನ್ನು ಗುರುತಿಸುತ್ತದೆ. ಹೊಸಬರಿಗೆ ಆ ದಾರಿ ಸುಲಭ. ಸಂಖ್ಯೆಗಳ ಈ ತೊಡಕು ಬೇಸರ ತರಿಸುವಂಥದ್ದೇ ಹೊರತು ಅಪಾಯಕಾರಿ ಅಲ್ಲ. ಅಪಾಯ ಇರುವುದು ಮುಂದಿನ ಎರಡು ಆಯ್ಕೆಗಳಲ್ಲಿ.

ಮಾನವಿಲ್ಲದ ಅಂಕಿಗಳು

ಇಲ್ಲಿ ಬಳಸುವ ಜಾಲಕ ಕಡತದಲ್ಲಿ ಬಿಂದುಗಳ ಸ್ಥಾನ ಬರೀ ಅಂಕಿಗಳಲ್ಲಿರುತ್ತದೆ. ಅವು ಮೀಟರೋ ಮಿಲಿಮೀಟರೋ ಎಂದು ಬರೆದಿರುವುದಿಲ್ಲ. ನಕ್ಷೆಯನ್ನು ಮಿಲಿಮೀಟರಿನಲ್ಲಿ ಬರೆದು -ಸ್ಕೇಲ್ ಆಯ್ಕೆಯನ್ನು ಬಿಟ್ಟರೆ 8 ಮೀಟರ್ ಎತ್ತರದ ಕಟ್ಟೆ 8,000 ಮೀಟರಿನ ಪರ್ವತವಾಗುತ್ತದೆ. ಮಣ್ಣಿನ ತೂಕ ಘನಮೀಟರಿಗೆ 18 ಕಿಲೋನ್ಯೂಟನ್ ಎಂದುಕೊಂಡರೆ ಬುಡದಲ್ಲಿ ಸುಮಾರು 144 ಕಿಲೋಪ್ಯಾಸ್ಕಲ್ ಒತ್ತಡ ಬರಬೇಕು; ಬರುವುದು ಅದರ ಸಾವಿರ ಪಟ್ಟು. ಸ್ವಂತ ಭಾರದಿಂದ ಆಗುವ ಕುಸಿತ ಉದ್ದದ ವರ್ಗವನ್ನು ಅನುಸರಿಸುವುದರಿಂದ ಅದು ಹತ್ತು ಲಕ್ಷ ಪಟ್ಟು. ಆದರೂ ಪರದೆಯ ಮೇಲಿನ ಬಣ್ಣದ ಚಿತ್ರ ಎರಡರಲ್ಲೂ ಒಂದೇ ರೀತಿ ಕಾಣುತ್ತದೆ! ವ್ಯತ್ಯಾಸ ಇರುವುದು ಪಕ್ಕದ ಅಳತೆಪಟ್ಟಿಯ ಅಂಕಿಗಳಲ್ಲಿ ಮಾತ್ರ. ವರದಿಗೆ ಚಿತ್ರವನ್ನಷ್ಟೇ ಅಂಟಿಸುವವರಿಗೆ ತಪ್ಪು ತಿಳಿಯುವುದೇ ಇಲ್ಲ.

‘ಸ್ವಚ್ಛ’ ಮಾಡುವುದೆಂದರೆ

-ಆಟೋಕ್ಲೀನ್ ಒಂದು ಪದದಲ್ಲಿ ಹಲವು ಕೆಲಸ ಮಾಡುತ್ತದೆ. ಬಳಕೆಯಾಗದ ಬಿಂದುಗಳನ್ನು ತೆಗೆಯುತ್ತದೆ. ಭಾಗಗಳಿಗೂ ಅಂಚುಗಳಿಗೂ 1ರಿಂದ ಹೊಸ ಕ್ರಮಸಂಖ್ಯೆ ಕೊಡುತ್ತದೆ. ಕಟ್ಟೆಯ ತಳಪಾಯಕ್ಕೆ 1, ಒಳಗಿನ ಜೇಡಿಮಣ್ಣಿನ ತಿರುಳಿಗೆ 3, ಹೊರಮಣ್ಣಿಗೆ 5 ಎಂದು ನಾವು ಗುರುತು ಹಾಕಿದ್ದೇವೆ ಎನ್ನಿ. ಬದಲಿಸಿದ ಮೇಲೆ ಅವು 1, 2, 3 ಆಗುತ್ತವೆ. ಲೆಕ್ಕದ ಕಡತದಲ್ಲಿ ‘3 ಎಂದರೆ ಜೇಡಿ’ ಎಂದೇ ಉಳಿದಿದ್ದರೆ ನೀರನ್ನು ತಡೆಯುವ ಜೇಡಿಯ ಗುಣ ಹೊರಮಣ್ಣಿಗೆ ಅಂಟಿಕೊಳ್ಳುತ್ತದೆ. ಸಂಖ್ಯೆ ಬದಲಾದ ಸುದ್ದಿ ಪರದೆಯ ಮೇಲೆ ಬರುತ್ತದಾದರೂ ಸರಸರನೆ ಸರಿದುಹೋಗುವ ಹತ್ತಾರು ಸಾಲುಗಳ ನಡುವೆ ಅದನ್ನು ಹುಡುಕುವವರು ಎಷ್ಟು ಮಂದಿ? ಇದು ಸಾಧನದ ನಿಜವಾದ ಕೊರತೆ. ಎಚ್ಚರಿಕೆಯ ಮಾತು ಬೇರೆಯಾಗಿ, ಕೊನೆಯಲ್ಲಿ ಬರಬೇಕಿತ್ತು.

ಜಿಎಂಎಸ್‌ಎಚ್ ಕಡೆಯಲ್ಲೂ ಇಂಥದೊಂದು ಬಲೆ ಇದೆ. ಯಾವುದಾದರೂ ಒಂದು ಭಾಗವನ್ನು ಗುಂಪಾಗಿ ಗುರುತಿಸಿದರೆ ಸಾಕು, ಗುರುತಿಸದ ಉಳಿದ ಭಾಗಗಳನ್ನು ಅದು ಕಡತಕ್ಕೆ ಬರೆಯುವುದೇ ಇಲ್ಲ. ತೂಬಿನ ಕಲ್ಲುಕಟ್ಟಡವನ್ನು ಮರೆತರೆ ಆ ಜಾಗ ಪೊಳ್ಳಾಗಿ ಉಳಿಯುತ್ತದೆ.

ತರಗತಿಯಲ್ಲಿ ಮಾಡಬೇಕಾದದ್ದು

ಈ ತಪ್ಪುಗಳನ್ನು ಹಿಡಿಯಲು ಪ್ರೌಢಶಾಲೆಯ ಗಣಿತ ಸಾಕು. ಮೇಲಗಲ 3 ಮೀ, ಎತ್ತರ 8 ಮೀ, ಎರಡೂ ಬದಿ 2:1 ಇಳಿಜಾರು ಇರುವ ಕಟ್ಟೆಯ ತಳದಗಲ 35 ಮೀ. ಅಡ್ಡಕೊಯ್ತದ ವಿಸ್ತೀರ್ಣ 152 ಚದರ ಮೀ. ಉದ್ದ 400 ಮೀ ಆದರೆ ಘನಗಾತ್ರ 60,800 ಘನಮೀಟರ್. ಬದಲಿಸಿದ ಜಾಲಕದ ಘನಗಾತ್ರ ಇದಕ್ಕೆ ಹತ್ತಿರ ಬರಬೇಕು. ನೂರು ಕೋಟಿ ಪಟ್ಟು ಹೆಚ್ಚಿದ್ದರೆ ಮಾನ ತಪ್ಪಿದೆ. ಸ್ವಲ್ಪ ಕಡಿಮೆಯಿದ್ದರೆ ಯಾವುದೋ ಭಾಗ ಬಿಟ್ಟುಹೋಗಿರಬಹುದು. ಭಾಗಗಳ ಗುರುತು ಬದಲಾಗಿದೆಯೇ ಎಂದು ತಿಳಿಯಲು ಪ್ರತಿಯೊಂದರ ಘನಗಾತ್ರವನ್ನೂ ಬೇರೆಬೇರೆಯಾಗಿ ಹೋಲಿಸಬೇಕು.

ಉಪನ್ಯಾಸಕರು ಇನ್ನೂ ಎರಡು ನಿಯಮ ಮಾಡಬಹುದು. ಬದಲಿಸಲು ಬಳಸಿದ ಸಾಲನ್ನು ವಿದ್ಯಾರ್ಥಿಗಳು ವರದಿಯಲ್ಲಿ ಹಾಗೆಯೇ ಬರೆಯಬೇಕು. ಪರದೆಯ ಮೇಲೆ ಬಂದ ಸಾಲುಗಳನ್ನು ಒಂದು ಕಡತದಲ್ಲಿ ಉಳಿಸಿ ಓದಬೇಕು.

ಎಲ್ಮರ್‌ಗ್ರಿಡ್ ಬಳಸಲು ಯೋಗ್ಯವಾದ ಸಾಧನ. ಅದನ್ನು ಬಿಡಿ ಎಂದು ನಾವು ಹೇಳುವುದಿಲ್ಲ. ಆದರೆ ಅದು ಹೇಳಿದಷ್ಟನ್ನೇ ಮಾಡುತ್ತದೆ, ಹೇಳದೆ ಬಿಟ್ಟದ್ದನ್ನು ಕೇಳುವುದಿಲ್ಲ. ಕಟ್ಟೆಯ ಕೆಳಗೆ ಗದ್ದೆಗಳೂ ಮನೆಗಳೂ ಇರುವಾಗ ಆ ಪ್ರಶ್ನೆಯನ್ನು ಲೆಕ್ಕ ಮಾಡುವವರೇ ಕೇಳಿಕೊಳ್ಳಬೇಕು.